ಜೂಜಿನ ದುಡ್ಡು ಯಾವ ಜೇಬಿನದು?

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಿಂಡ್ಸರ್ ಕಾರು ಕಾರ್ಖಾನೆಗಳ ಊರು. ನದಿಯ ಆಚೆ ದಡದಲ್ಲಿ ಅಮೆರಿಕದ ಡೆಟ್ರಾಯಿಟ್. 1994ರ ಮೇ ತಿಂಗಳಲ್ಲಿ ಪ್ರಾಂತ್ಯ ಸರ್ಕಾರ ತನ್ನ ಮೊದಲ ವಾಣಿಜ್ಯ ಕ್ಯಾಸಿನೊವನ್ನು ತೆರೆದದ್ದು ಇಲ್ಲಿ. ಸ್ವಂತ ಕಟ್ಟಡ ಏಳುವ ತನಕ ಅದು ನಡೆದದ್ದು ಊರಿನ ಕಲಾ ಗ್ಯಾಲರಿಯ ಕಟ್ಟಡದಲ್ಲಿ! ಸೇತುವೆ, ಸುರಂಗ ದಾಟಿ ಬರುತ್ತಿದ್ದ ಅಮೆರಿಕನ್ನರೇ ಗಿರಾಕಿಗಳಲ್ಲಿ ಬಹುಪಾಲು.

ಅರ್ಥಶಾಸ್ತ್ರದ ಲೆಕ್ಕದಲ್ಲಿ ಇದು ರಫ್ತು. ಹೊರಗಿನವರ ದುಡ್ಡು ಊರೊಳಗೆ ಬಂದು ಸಂಬಳವಾಗುತ್ತದೆ, ಬಾಡಿಗೆಯಾಗುತ್ತದೆ. ಊರಿನವನೇ ಹೋಟೆಲಿನಲ್ಲಿ ಖರ್ಚು ಮಾಡಬೇಕಿದ್ದ ಹಣವನ್ನು ಕ್ಯಾಸಿನೊದಲ್ಲಿ ಕಳೆದರೆ ಕಥೆ ಬೇರೆ. ಕ್ಯಾಸಿನೊದಲ್ಲಿ ಹುಟ್ಟಿದ ಕೆಲಸ ಎಣಿಕೆಗೆ ಸಿಗುತ್ತದೆ, ಹೋಟೆಲಿನಲ್ಲಿ ಹೋದ ಕೆಲಸ ಯಾರ ವರದಿಗೂ ಸಿಗುವುದಿಲ್ಲ. ಎಷ್ಟು ಉದ್ಯೋಗ ಸೃಷ್ಟಿಯಾಯಿತು ಎಂಬ ಅಂಕಿಯೊಂದನ್ನೇ ನೋಡಿ ಜೂಜಿನಿಂದಾದ ಅಭಿವೃದ್ಧಿಯನ್ನು ಅಳೆಯಲಾಗದು ಎನ್ನುವುದು ಇದಕ್ಕೇ.

1999ರಲ್ಲಿ ಡೆಟ್ರಾಯಿಟ್‌ನಲ್ಲೂ ಕ್ಯಾಸಿನೊ ತೆರೆಯಿತು. 2001ರಲ್ಲಿ ಅಮೆರಿಕದ ಮೇಲೆ ನಡೆದ ಭಯೋತ್ಪಾದಕ ದಾಳಿಯ ಬಳಿಕ ಗಡಿ ತಪಾಸಣೆ ಬಿಗಿಯಾಯಿತು. 2009ರಿಂದ ಅಮೆರಿಕನ್ನರು ಮನೆಗೆ ಮರಳಲು ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮನಾದ ದಾಖಲೆ ತೋರಿಸಬೇಕಾಯಿತು. ರಫ್ತು ಸೊರಗಿತು. ಆದರೂ ಕ್ಯಾಸಿನೊದ ಕೆಲಸಗಳನ್ನು ಹಗುರವಾಗಿ ಕಾಣಬಾರದು. 2018ರಲ್ಲಿ ವಿಂಡ್ಸರ್ ಕ್ಯಾಸಿನೊದ ಸುಮಾರು 2,300 ನೌಕರರು 60 ದಿನ ಮುಷ್ಕರ ಹೂಡಿದರು. ಅವರ ಸಂಘ ಯೂನಿಫಾರ್‌ನ 444ನೇ ಘಟಕ. ಕಾರು ಜೋಡಿಸುವ ಕಾರ್ಮಿಕರದ್ದೂ ಅದೇ.

ಈಗ ಆಟ ಮೊಬೈಲಿಗೆ ಬಂದಿದೆ. 2022ರ ಏಪ್ರಿಲ್ 4ರಂದು ಒಂಟಾರಿಯೊ ಖಾಸಗಿ ಆನ್‌ಲೈನ್ ಕಂಪನಿಗಳಿಗೆ ಬಾಗಿಲು ತೆರೆಯಿತು. 2023–24ರಲ್ಲಿ ಅಲ್ಲಿ ಕಟ್ಟಿದ ಒಟ್ಟು ಪಣ ಸುಮಾರು 63 ಶತಕೋಟಿ ಡಾಲರ್. ಕಂಪನಿಗಳಿಗೆ ಉಳಿದದ್ದು ಸುಮಾರು 2.4 ಶತಕೋಟಿ, ಅಂದರೆ ಶೇ. 4ಕ್ಕೂ ಕಡಿಮೆ. ಇಷ್ಟೇನಾ ಅನ್ನಿಸಬಹುದು. ಆದರೆ ಆ 63 ಶತಕೋಟಿ ಜನರ ಜೇಬಿನಿಂದ ಒಂದೇ ಸಲ ಬಂದ ಹಣವಲ್ಲ. ಗೆದ್ದದ್ದನ್ನೇ ಮತ್ತೆ ಮತ್ತೆ ಪಣಕ್ಕಿಟ್ಟ ಮೊತ್ತ. ಪ್ರತಿ ಸುತ್ತಿಗೆ ಸರಾಸರಿ ಶೇ. 4 ಕಳೆಯುತ್ತ ಹೋದರೆ ನೂರು ಡಾಲರ್ ಪೂರ್ತಿ ಖಾಲಿಯಾಗುವಷ್ಟರಲ್ಲಿ 2,500 ಡಾಲರ್ ಪಣ ದಾಖಲಾಗಿರುತ್ತದೆ.

ಹಾಗಾಗಿ ಗಿರಾಕಿ ಎಷ್ಟು ಕಳೆದುಕೊಳ್ಳುತ್ತಾನೆ ಎಂಬುದು ಶೇಕಡಾವಾರು ಪಾಲಿನಷ್ಟೇ ಆಟದ ವೇಗಕ್ಕೂ ಸಂಬಂಧಿಸಿದ್ದು. ಒಂಟಾರಿಯೊದ ನಿಯಮದ ಪ್ರಕಾರ ಆನ್‌ಲೈನ್ ಸ್ಲಾಟ್ ಆಟದ ಒಂದು ಸುತ್ತು 2.5 ಸೆಕೆಂಡಿಗಿಂತ ಬೇಗ ಮುಗಿಯುವಂತಿಲ್ಲ, ತಾನಾಗಿಯೇ ಆಡುತ್ತ ಹೋಗುವ ಸೌಲಭ್ಯವೂ ಇರುವಂತಿಲ್ಲ. ಲೆಕ್ಕ ಹಾಕಿ: ಆಗಲೂ ಗಂಟೆಗೆ 1,440 ಸುತ್ತು. ಸುತ್ತಿಗೆ ಒಂದು ಡಾಲರಿನಂತೆ, ಶೇ. 4ರ ಲೆಕ್ಕದಲ್ಲಿ, ಸರಾಸರಿ ನಷ್ಟ ಗಂಟೆಗೆ ಸುಮಾರು 58 ಡಾಲರ್.

ಸ್ಲಾಟ್ ಯಂತ್ರದ ಜಾಣತನವೂ ಸಣ್ಣದಲ್ಲ. ಇಪ್ಪತ್ತು ಸಾಲುಗಳ ಮೇಲೆ ತಲಾ ಐದು ಸೆಂಟ್, ಒಟ್ಟು ಒಂದು ಡಾಲರ್ ಹಾಕಿದಿರಿ ಎನ್ನಿ. ಒಂದು ಸಾಲಿಗೆ 30 ಸೆಂಟ್ ಬಂತು. ದೀಪ ಮಿನುಗುತ್ತದೆ, ಸಂಗೀತ ಮೊಳಗುತ್ತದೆ. ನಿಜಕ್ಕೂ ನೀವು 70 ಸೆಂಟ್ ಸೋತಿದ್ದೀರಿ! ಒಂಟಾರಿಯೊದ್ದೇ ಆದ ವಾಟರ್‌ಲೂ ವಿಶ್ವವಿದ್ಯಾಲಯದ ಮೈಕ್ ಡಿಕ್ಸನ್, ಕೆವಿನ್ ಹ್ಯಾರಿಗನ್ ಮತ್ತು ಸಂಗಡಿಗರು ಇಂಥ ಗಳಿಗೆಯಲ್ಲಿ ಆಟಗಾರರ ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ಗೆಲುವಿನ ವೇಷ ತೊಟ್ಟ ಸೋಲಿಗೂ ನಿಜವಾದ ಗೆಲುವಿಗೂ ಮೈ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸಿತ್ತು.

ಲೆತ್‌ಬ್ರಿಡ್ಜ್ ವಿಶ್ವವಿದ್ಯಾಲಯದ ರಾಬರ್ಟ್ ವಿಲಿಯಮ್ಸ್ ಮತ್ತು ರಾಬರ್ಟ್ ವುಡ್ 2004ರ ವರದಿಯಲ್ಲಿ ಇನ್ನೂ ಇರಿಸುಮುರಿಸಿನ ಲೆಕ್ಕ ಕೊಟ್ಟರು. ಒಂಟಾರಿಯೊದ ಜೂಜಿನ ಆದಾಯದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಬರುತ್ತಿದ್ದದ್ದು ಜೂಜಿನ ಚಟ ತೊಂದರೆಯ ಮಟ್ಟ ಮುಟ್ಟಿದ್ದ, ಜನಸಂಖ್ಯೆಯ ಸುಮಾರು ಶೇ. 5ರಷ್ಟು ಮಂದಿಯಿಂದ. ಇಂಥವರಿಗೆ ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ. ಅವರು ಆಟ ಬಿಟ್ಟರೆ ಖಾಲಿಯಾಗುವುದೂ ಸರ್ಕಾರದ ಬೊಕ್ಕಸವೇ. 1985ರ ತಿದ್ದುಪಡಿಯ ನಂತರ ಕೆನಡಾದ ದಂಡ ಸಂಹಿತೆ ಇಂಥ ಆಟಗಳನ್ನು ನಡೆಸುವ ಅಧಿಕಾರವನ್ನು ಪ್ರಾಂತ್ಯಗಳ ಕೈಗೇ ಒಪ್ಪಿಸಿದೆ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಖಾಸಗಿ ಕಂಪನಿಗಳ ಆನ್‌ಲೈನ್ ಆಟವನ್ನೂ ನಡೆಸುವುದು ಸರ್ಕಾರವೇ. ಅದರ ಪರವಾಗಿ ಆಟ ನಡೆಸುವ ಐಗೇಮಿಂಗ್ ಒಂಟಾರಿಯೊ ಸಂಸ್ಥೆ, ಆಟದ ಮೇಲೆ ಕಣ್ಣಿಡುವ ಆಯೋಗದ ಅಂಗಸಂಸ್ಥೆಯಾಗಿಯೇ ಶುರುವಾಯಿತು. ಅವೆರಡನ್ನೂ ಬೇರ್ಪಡಿಸಿದ್ದು 2025ರಲ್ಲಿ. ತಡವಾಯಿತೆಂದೇ ನನ್ನ ಅನಿಸಿಕೆ.

ಇನ್ನು ರಫ್ತಿನ ಮಾತು. ಒಂಟಾರಿಯೊದ ಆನ್‌ಲೈನ್ ಆಟದಲ್ಲಿ ಪಣ ಕಟ್ಟುವವರು ಆ ಹೊತ್ತಿಗೆ ಪ್ರಾಂತ್ಯದ ನೆಲದ ಮೇಲೆಯೇ ಇರಬೇಕು. ಮೊಬೈಲ್ ಎಲ್ಲಿದೆ ಎಂಬುದನ್ನು ಆ್ಯಪ್ ಪತ್ತೆಹಚ್ಚಿ ಖಚಿತಪಡಿಸಿಕೊಳ್ಳುತ್ತದೆ. ವಿಂಡ್ಸರ್‌ನ ಕ್ಯಾಸಿನೊ ಡೆಟ್ರಾಯಿಟ್‌ನವರ ಜೇಬು ನೆಚ್ಚಿ ಹುಟ್ಟಿತ್ತು. ಡೆಟ್ರಾಯಿಟ್‌ನ ಮನೆಯಲ್ಲಿ ಕುಳಿತವರಿಗೆ ಈ ಹೊಸ ಮಾರುಕಟ್ಟೆಗೆ ಪ್ರವೇಶವಿಲ್ಲ, ಆ 2.4 ಶತಕೋಟಿ ಡಾಲರಿನ ಬಹುಪಾಲು ಒಂಟಾರಿಯೊದ ಮನೆಗಳದ್ದೇ.