ಧೈರ್ಯಕ್ಕೆ ತಾಯಿತವೇ?

ಮಠಕ್ಕೆ ಬರುವ ಹಿರಿಯರು, ‘ಬುದ್ಧೀ, ಹುಡುಗ ನಾಲ್ಕು ಜನರೆದುರು ಬಾಯಿ ಬಿಡುವುದಿಲ್ಲ, ಒಂದು ತಾಯಿತ ಕಟ್ಟಿರಿ’ ಎಂದು ಕೇಳುವುದುಂಟು. ತಾಯಿತವನ್ನು ನಾವು ಕಟ್ಟಬಹುದು. ಧೈರ್ಯವನ್ನು ಅವನೇ ಕೂಡಿಸಿಕೊಳ್ಳಬೇಕು.

ಮಹಾತ್ಮಾ ಗಾಂಧೀಜಿಯವರನ್ನೇ ನೋಡಿರಿ. ಯಾರಾದರೂ ಮಾತನಾಡಿಸಿಯಾರೆಂಬ ಅಂಜಿಕೆಯಿಂದ ಶಾಲೆ ಬಿಟ್ಟೊಡನೆ ಮನೆಗೆ ಓಡುತ್ತಿದ್ದ ಬಾಲಕ ಅವರು. ಬ್ಯಾರಿಸ್ಟರ್ ಆಗಿ ಬಂದ ಮೇಲೂ ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿತು. ಒಂದು ಪ್ರಶ್ನೆಯನ್ನೂ ಕೇಳಲಾರದೆ ಕುಳಿತರು, ಫೀಜನ್ನು ಹಿಂದಿರುಗಿಸಿದರು. ಅಂಥವರು 1893ರಲ್ಲಿ ಪ್ರಿಟೋರಿಯಾದ ಭಾರತೀಯ ವರ್ತಕರೆದುರು ನಿಂತು, ವ್ಯಾಪಾರದಲ್ಲಿ ಸತ್ಯ ಬೇಕೆಂದು ಹೇಳಿದರು. ವರ್ತಕರಿಗೆ ಈ ಮಾತು ಹೇಳುವುದು ಸುಲಭವಲ್ಲ!

ಲಂಡನ್ನಿನಲ್ಲಿ ಓದುವಾಗಲೇ ಅವರು ಒಂದು ರೂಢಿ ಮಾಡಿಕೊಂಡಿದ್ದರು. ಬಂಡಿಯ ಬಾಡಿಗೆ, ಅಂಚೆ, ವೃತ್ತಪತ್ರಿಕೆಗೆ ಕೊಟ್ಟ ಚಿಲ್ಲರೆ ಕಾಸು, ಎಲ್ಲವನ್ನೂ ಬರೆದು ರಾತ್ರಿ ಲೆಕ್ಕ ಸರಿಹೊಂದಿಸಿಯೇ ಮಲಗುವುದು. ಬಾಡಿಗೆ ಉಳಿಸಲು ದಿನಕ್ಕೆ ಎಂಟು ಹತ್ತು ಮೈಲಿ ನಡೆಯುವುದು. ಅವರ ಧೈರ್ಯಕ್ಕೆ ಇದೊಂದೇ ಕಾರಣವೆಂದು ನಾವು ಹೇಳೆವು. ಆದರೆ ಮುಂದೆ ಸಾರ್ವಜನಿಕರ ಲಕ್ಷಾಂತರ ರೂಪಾಯಿ ಕೈಗೆ ಬಂದಾಗ ಅವರು ಅಳುಕದಿದ್ದುದು ಈ ರೂಢಿಯಿಂದಲೇ ಎಂದು ಅವರ ಆತ್ಮಕಥೆ ಓದಿದವರು ಬಲ್ಲರು. ದಿನವೂ ತನ್ನ ಲೆಕ್ಕ ತಾನು ಒಪ್ಪಿಸಿಕೊಂಡವನು ಪರರ ಪ್ರಶ್ನೆಗೆ ಏಕೆ ಬೆದರಿಯಾನು?

ನಮ್ಮ ಮನೆಗಳಲ್ಲಿ ಮಗ ಎಸ್ಸೆಸ್ಸೆಲ್ಸಿ ಮುಗಿಸಿದರೂ ಸಂತೆಗೆ ಅಪ್ಪನೇ ಹೋಗುತ್ತಾನೆ. ಬ್ಯಾಂಕಿನ ಚೀಟಿಯನ್ನೂ ಅಪ್ಪನೇ ತುಂಬುತ್ತಾನೆ. ಆಮೇಲೆ ‘ದಡ್ಡ’ ಎಂಬ ಬೈಗುಳ ಬೇರೆ. ಈ ವಾರದ ಸಂತೆಗೆ ಅವನನ್ನೇ ಕಳಿಸಿರಿ. ಬಂದು ಲೆಕ್ಕ ಬರೆಯಲಿ. ಎರಡು ರೂಪಾಯಿ ಕಡಿಮೆ ಬಿದ್ದರೆ ಗದರಬೇಡಿರಿ, ನೀವೇ ತಿದ್ದಲೂ ಬೇಡಿರಿ; ಅವನೇ ಇನ್ನೊಮ್ಮೆ ಕೂಡಿಸಲಿ.