ಲಕೋಟೆ ಒಡೆಯುವ ಹಕ್ಕು ಯಾರದು?

ಟರ್ಕಿಯ ಕಯ್ಸೇರಿ ನಗರದ ಬಳಿ ಕುಲ್ತೆಪೆ ಎಂಬ ದಿಬ್ಬವಿದೆ. ಸುಮಾರು 3,900 ವರ್ಷಗಳ ಹಿಂದೆ ಅಲ್ಲಿ ಕಾನೆಶ್ ಎಂಬ ಪೇಟೆಯಿತ್ತು. ಟೈಗ್ರಿಸ್ ದಡದ ಅಶ್ಶೂರಿನ ವರ್ತಕರು ಕತ್ತೆಗಳ ಮೇಲೆ ತವರ, ಬಟ್ಟೆ ಹೇರಿಕೊಂಡು ಅಲ್ಲಿಗೆ ಬರುತ್ತಿದ್ದರು. ಬೆಳ್ಳಿ, ಬಂಗಾರವನ್ನು ಊರಿಗೆ ಕಳಿಸುತ್ತಿದ್ದರು. ಅಶ್ಶೂರಿನಲ್ಲೇ ಉಳಿದು ನೇಯ್ಗೆ ನೋಡಿಕೊಳ್ಳುತ್ತಿದ್ದ ಹೆಂಡತಿಯರಿಗೂ ಅವರಿಗೂ ಪತ್ರವ್ಯವಹಾರ ನಡೆಯುತ್ತಿದ್ದುದು ಜೇಡಿಮಣ್ಣಿನ ಹಲಗೆಗಳಲ್ಲಿ. ಆ ದಿಬ್ಬದಲ್ಲಿ ಅಂಥ 20 ಸಾವಿರಕ್ಕೂ ಹೆಚ್ಚು ಹಲಗೆಗಳು ಸಿಕ್ಕಿವೆ.

ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಲಗೆ ಒಣಗಿದ ಮೇಲೆ ಅದರ ಸುತ್ತ ಹಸಿಮಣ್ಣನ್ನು ತೆಳ್ಳಗೆ ಹೊದಿಸುತ್ತಿದ್ದರು. ಅದೇ ಲಕೋಟೆ. ಮೇಲೆ ಯಾರಿಗೆಂದು ಬರೆದು, ಕಳಿಸುವವರು ತಮ್ಮ ಕೊಳವೆಯಾಕಾರದ ಮುದ್ರೆಯನ್ನು ಹಸಿಮಣ್ಣಿನ ಮೇಲೆ ಉರುಳಿಸುತ್ತಿದ್ದರು. ಪತ್ರ ಓದಬೇಕೆಂದರೆ ಲಕೋಟೆ ಒಡೆಯಲೇಬೇಕು. ಒಡೆದದ್ದನ್ನು ಗುಟ್ಟಾಗಿ ಮತ್ತೆ ಕೂಡಿಸಲಾಗದು. ಸಾಲಪತ್ರವಾದರೆ ಕರಾರನ್ನು ಹೊರಗೂ ಬರೆಯುತ್ತಿದ್ದರು. ಹೊರಗಿನದನ್ನು ಯಾರು ತಿದ್ದಿದರೂ ಒಳಗಿನ ಪ್ರತಿ ಭದ್ರ.

ಯುರೋಪಿನಲ್ಲಿ ಕಾಗದ ಬಂದ ಮೇಲೂ ಬಹುಕಾಲ ಹೆಚ್ಚಿನವರು ಪತ್ರವನ್ನೇ ಮಡಚಿ, ಅರಗಿನಿಂದ ಮುದ್ರೆಯೊತ್ತಿ ಕಳಿಸುತ್ತಿದ್ದರು. 1587ರ ಫೆಬ್ರವರಿ 8ರಂದು, ಶಿರಚ್ಛೇದಕ್ಕೆ ಕೆಲವೇ ಗಂಟೆ ಮೊದಲು, ಸ್ಕಾಟ್ಲೆಂಡಿನ ರಾಣಿ ಮೇರಿ ಬರೆದ ಕೊನೆಯ ಪತ್ರವೂ ಹೀಗೆಯೇ ಭದ್ರವಾಗಿತ್ತು. ಅದೇ ಹಾಳೆಯ ಅಂಚಿನಿಂದ ಸೀಳಿದ ಪಟ್ಟಿಯನ್ನು ಮಡಿಕೆಗಳ ಮೂಲಕ ತೂರಿಸಿ ಬಿಗಿಯಲಾಗಿತ್ತು.

ಹೇಗ್ ನಗರದ ಅಂಚೆ ಅಧಿಕಾರಿ ಸೈಮನ್ ಡಿ ಬ್ರಿಯೆನ್ ವಿಲೇವಾರಿಯಾಗದ ಪತ್ರಗಳನ್ನು ಪೆಟ್ಟಿಗೆಯೊಂದರಲ್ಲಿ ಕೂಡಿಟ್ಟಿದ್ದ. ಅವುಗಳಲ್ಲಿ ನೂರಾರು ಇಂದಿಗೂ ಬಿಚ್ಚಿಲ್ಲ. 1697ರ ಒಂದು ಪತ್ರವನ್ನು ಸಂಶೋಧಕರು ಮುದ್ರೆ ಮುಟ್ಟದೆ, ಎಕ್ಸ್-ರೇ ಸ್ಕ್ಯಾನರ್ ಮತ್ತು ಕಂಪ್ಯೂಟರಿನ ನೆರವಿನಿಂದ ಓದಿ 2021ರಲ್ಲಿ ಪ್ರಕಟಿಸಿದರು. ತೀರಿಕೊಂಡ ಬಂಧುವೊಬ್ಬರ ಮರಣ ದಾಖಲೆಯ ಪ್ರತಿ ಕಳಿಸಿಕೊಡು ಎಂದು ಒಬ್ಬಾತ ಸೋದರ ಸಂಬಂಧಿಗೆ ಬರೆದ ಕೋರಿಕೆ ಅದು.

ಕಾಗದದ ಲಕೋಟೆ ಎಲ್ಲರ ಕೈಗೆ ಬರಲು ತಡೆಯಾಗಿದ್ದುದು ಅಂಚೆಯ ಲೆಕ್ಕಾಚಾರ. ಬ್ರಿಟನ್ನಿನಲ್ಲಿ ದೂರದ ಜತೆಗೆ ಹಾಳೆಗಳನ್ನೂ ಎಣಿಸಿ ದರ ಹಾಕುತ್ತಿದ್ದರು. ಪತ್ರಕ್ಕೊಂದು ಹೊದಿಕೆ ಹಾಕಿದರೆ ಎರಡು ಹಾಳೆಯ ಲೆಕ್ಕ, ಎರಡು ಪಟ್ಟು ದುಡ್ಡು! ರೋಲೆಂಡ್ ಹಿಲ್ ಸುಧಾರಣೆಯಿಂದ 1840ರಲ್ಲಿ ಅರ್ಧ ಔನ್ಸ್ ತೂಕದವರೆಗೆ ದೇಶದಲ್ಲೆಲ್ಲ ಒಂದೇ ಪೆನ್ನಿ ಎಂದಾಯಿತು. ಐದು ವರ್ಷದಲ್ಲಿ ಅವನ ಅಣ್ಣತಮ್ಮಂದಿರಲ್ಲೊಬ್ಬನಾದ ಎಡ್ವಿನ್ ಹಿಲ್, ವಾರೆನ್ ಡಿ ಲಾ ರೂ ಜತೆಗೂಡಿ ಲಕೋಟೆ ಮಡಚುವ ಯಂತ್ರಕ್ಕೆ ಪೇಟೆಂಟ್ ಪಡೆದ. ಭಾರತದಲ್ಲಿ ದೂರ ಲೆಕ್ಕಿಸದೆ ತೂಕಕ್ಕೆ ಅರ್ಧಾಣೆಯ ದರ ಬಂದದ್ದು 1854ರಲ್ಲಿ.

ಅಂಚೆ ಕಾಗದ ವಿರಳವಾದರೂ ನಮ್ಮ ಮದುವೆಮನೆಗಳಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರ್ ಉಳಿದಿದೆ. ಹಿಂದೆ ಮುಯ್ಯಿ ಓದಿಸುವಾಗ ಯಾರದು ಎಷ್ಟು ಎಂದು ಚಪ್ಪರದಲ್ಲೇ ಕೂಗಿ ಹೇಳುವ ರೂಢಿಯಿತ್ತು. ಕವರ್ ಬಂದ ಮೇಲೆ ನೂರು ಕೊಟ್ಟವರಿಗೂ ಐದು ಸಾವಿರ ಕೊಟ್ಟವರಿಗೂ ವೇದಿಕೆಯ ಮೇಲೆ ಒಂದೇ ಮರ್ಯಾದೆ. ಮೊತ್ತ ಮನೆಯವರ ನೋಟ್‌ಬುಕ್ಕಿಗೆ ಮಾತ್ರ ಗೊತ್ತು, ಮುಂದೆ ಮುಯ್ಯಿ ತೀರಿಸಲಿಕ್ಕೆ.

ಇಲ್ಲೆಲ್ಲ ಲಕೋಟೆ ಕಾಯುವುದು ಸಾಮಾನ್ಯರ ಗುಟ್ಟನ್ನು. ಸರ್ಕಾರ ನ್ಯಾಯಾಲಯಕ್ಕೆ ಕೊಡುವ ಮುಚ್ಚಿದ ಲಕೋಟೆಯ ರೀತಿಯೇ ಬೇರೆ: ಒಳಗಿರುವುದು ಎದುರು ಪಕ್ಷದವರ ಮೇಲಿನ ಆರೋಪ, ಆದರೆ ಅದನ್ನು ನೋಡಲು ಅವರಿಗೇ ಅವಕಾಶವಿಲ್ಲ. ಮಲಯಾಳದ ಮೀಡಿಯಾ ಒನ್ ಸುದ್ದಿವಾಹಿನಿಯ ಪರವಾನಗಿ ನವೀಕರಣ ನಿರಾಕರಣೆಗೆ ಕೊಟ್ಟ ಕಾರಣಗಳೂ ಹೀಗೆ ಲಕೋಟೆಯೊಳಗಿದ್ದವು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ನಿರಾಕರಣೆಯನ್ನು ರದ್ದುಪಡಿಸಿತು. ಮುಚ್ಚಿದ ಲಕೋಟೆಯ ಪದ್ಧತಿ ಸಹಜ ನ್ಯಾಯಕ್ಕೂ ಮುಕ್ತ ವಿಚಾರಣೆಗೂ ಧಕ್ಕೆ ತರುತ್ತದೆ ಎಂದಿತು.