ಅಳಿಯಕಟ್ಟಿನಿಂದ ಫ್ಲ್ಯಾಟಿಗೆ: ಜೋಗೇಶ್ವರಿಯ ತುಳು ಮನೆಗಳಲ್ಲಿ ಸೊಸೆ

ಮುಂಬಯಿಯ ಪಶ್ಚಿಮ ರೈಲುಮಾರ್ಗದ ಉಪನಗರ ಜೋಗೇಶ್ವರಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಉಡುಪಿ, ದಕ್ಷಿಣ ಕನ್ನಡ ಮೂಲದ ಬಂಟ, ಬಿಲ್ಲವ, ಮೊಗವೀರ ಮನೆತನದವರು ಅನೇಕ. ಈ ಮನೆಗಳಲ್ಲಿ ಸೊಸೆಯ ಸ್ಥಾನ ಅರ್ಥವಾಗಬೇಕಾದರೆ ಊರಿನ ಅಳಿಯಕಟ್ಟನ್ನು ಮೊದಲು ತಿಳಿಯಬೇಕು.

ಅಳಿಯಕಟ್ಟು ಎಂದರೆ ಅಳಿಯಸಂತಾನ ಪದ್ಧತಿ. ಅದರಲ್ಲಿ ಕುಟುಂಬವೆಂದರೆ ಒಬ್ಬ ಮೂಲ ತಾಯಿಯಿಂದ ಹೆಣ್ಣುಸಂತತಿಯ ಮೂಲಕ ಬಂದವರು. ಆಸ್ತಿ ಅವರೆಲ್ಲರದು, ಮಕ್ಕಳಿಗೆ ತಾಯಿಯ ಬಳಿ (ಗೋತ್ರದಂಥ ಕುಲಗುರುತು). ಮದುವೆಯಾಗಿ ಹೋದ ಹೆಣ್ಣಿನ ಬಳಿ ಬದಲಾಗುತ್ತಿರಲಿಲ್ಲ, ತಾಯಿಮನೆಯ ಹಕ್ಕೂ ತಪ್ಪುತ್ತಿರಲಿಲ್ಲ. ಗಂಡನ ಮನೆಯಲ್ಲಿ ಅವಳಿಗೆ ಪಾಲಿರಲಿಲ್ಲ, ನಿಜ. ಆದರೆ ಅವಳ ಪಾಲು ಹುಟ್ಟಿದ ಮನೆಯಲ್ಲಿ ಭದ್ರವಾಗಿತ್ತು. ಗಂಡ ತೀರಿಕೊಂಡರೂ ಮನಸ್ತಾಪ ಬೆಳೆದರೂ ಅಲ್ಲಿಗೆ ಮರಳಲು ಅವಳು ಯಾರ ದಯೆಯನ್ನೂ ಕಾಯಬೇಕಿರಲಿಲ್ಲ. ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿಯೂ ಇದ್ದುದರಿಂದ ಎಷ್ಟೋ ಸೊಸೆಯಂದಿರಿಗೆ ಅತ್ತೆ ಹೊಸಬಳಾಗಿರಲಿಲ್ಲ. ಹಾಗೆಂದು ಇದನ್ನು ಹೆಣ್ಣಾಳ್ವಿಕೆ ಎನ್ನುವುದು ಸರಿಯಲ್ಲ. ಹಿರಿಯಳಾದ ಹೆಣ್ಣಿಗೆ ಯಜಮಾನಿಕೆ ಬರಬಹುದಾಗಿದ್ದರೂ ಗೇಣಿ, ಕೋರ್ಟು, ಕಚೇರಿಯ ವ್ಯವಹಾರ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇರುತ್ತಿತ್ತು.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಕವರುಗಳಿಗೆ (ಹೆಣ್ಣುಸಂತತಿಯ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಡಸಿನ ಪಾಲನ್ನು ಅವನ ಹೆಂಡತಿ, ಮಕ್ಕಳು, ತಾಯಿಯ ಕಡೆಗೆ ತಿರುಗಿಸಿತು. ಇತ್ತ ಹೋಟೆಲು, ಕ್ಯಾಂಟೀನುಗಳ ಕೆಲಸ ಹಿಡಿದು ಮುಂಬಯಿಗೆ ಬಂದವರು ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದರು. ಮಗ ಬೆಳೆದಾಗ ಅದೇ ಖೋಲಿಗೆ, ಅನುಕೂಲವಾದವರಲ್ಲಿ ಫ್ಲ್ಯಾಟಿಗೆ, ಸೊಸೆ ಬಂದಳು. ಊರಿಂದ ಬಂದವಳಿಗೆ ತಾಯಿಮನೆ ಸುಮಾರು 900 ಕಿ.ಮೀ. ದೂರ, 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗುವ ತನಕ ಹೆಚ್ಚಿನವರಿಗೆ ಬಸ್ಸೇ ಗತಿ. ಮದುವೆಯಾದ ಮೊದಲ ವರ್ಷ ತುಳುವರ ಆಟಿ (ಆಷಾಢ) ತಿಂಗಳನ್ನು ತವರಿನಲ್ಲಿ ಕಳೆಯುವ ವಾಡಿಕೆ ಇಲ್ಲಿ ರಜೆ ಸಿಕ್ಕಷ್ಟು ದಿನಕ್ಕೆ ಇಳಿಯಿತು. 1927ರಲ್ಲಿ ಹುಟ್ಟಿದ ಮುಂಬಯಿಯ ಬಂಟರ ಸಂಘಕ್ಕೆ ಜೋಗೇಶ್ವರಿ–ದಹಿಸರ್ ಪ್ರಾದೇಶಿಕ ಸಮಿತಿಯಿದೆ. ಇಂಥ ತುಳು ಸಂಘಟನೆಗಳ ಮಹಿಳಾ ವಿಭಾಗಗಳು ನಡೆಸುವ ಆಟಿಯ ಕೂಟಗಳಲ್ಲಿ ಅತ್ತೆ, ಸೊಸೆ ಇಬ್ಬರೂ ಪತ್ರೊಡೆ ಮಾಡಿ ತರುತ್ತಾರೆ. ಸಂತೋಷದ ಸಂಗತಿಯೇ. ಆದರೆ ತವರಿನ ಆಸರೆಯನ್ನು ಒಂದು ಭಾನುವಾರದ ಕೂಟ ತುಂಬಿಕೊಡಲಾರದು.

ಮುಂಬಯಿಯ ಮನೆಬೆಲೆ ಬೇರೆ ಸಂಸಾರ ಹೂಡಲು ಬಿಡುವುದಿಲ್ಲ. ಸೊಸೆ ಬೆಳಗಿನ ಲೋಕಲ್ ಹಿಡಿದರೆ ಮಗುವನ್ನು ಶಾಲೆಗೆ ಬಿಡುವವಳು ಅತ್ತೆ. ಅತ್ತೆಯ ಮೊಣಕಾಲು ನೋವಿಗೆ ಡಾಕ್ಟರ ಬಳಿ ಕರೆದೊಯ್ಯುವವಳು ಸೊಸೆ. ಇಬ್ಬರೂ ದುಡಿಯುವ ಈ ಮನೆಯ ಕಾಗದಪತ್ರದಲ್ಲಿ ಮಾತ್ರ ಬಹಳ ಸಲ ಮಾವನ ಹೆಸರೋ ಮಗನ ಹೆಸರೋ ಇರುತ್ತದೆ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಒಡೆತನವಿಲ್ಲದಿದ್ದರೂ ಹೆಂಡತಿಗೆ ಸಂಸಾರ ನಡೆಸಿದ ಮನೆಯಲ್ಲಿ ವಾಸದ ಹಕ್ಕು ಕೊಡುತ್ತದೆ. ಆ ಮನೆ ಅತ್ತೆ-ಮಾವಂದಿರ ಹೆಸರಿನಲ್ಲಿದ್ದರೂ ಹಕ್ಕು ಅನ್ವಯಿಸಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 15ರಂದು ತೀರ್ಪಿತ್ತಿತು. ವೃದ್ಧರ ನೆಮ್ಮದಿಯನ್ನೂ ತೂಗಿ ನೋಡಬೇಕೆಂದು ಹೇಳಿತು. ವಾಸದ ಹಕ್ಕು ಒಡೆತನವಲ್ಲ. ಮಾವನ ಆಸ್ತಿಗೆ ಸೊಸೆ ವಾರಸುದಾರಳಾಗುವುದು ಗಂಡ ಮಾವನಿಗಿಂತ ಮೊದಲೇ ತೀರಿಕೊಂಡಾಗ ಮಾತ್ರ. ಆದ್ದರಿಂದ ಮನೆ ಕೊಳ್ಳುವಾಗಲೇ ಅವಳ ಹೆಸರು ಸೇರಿಸುವುದು ಮುಖ್ಯ. ಹೆಂಗಸರ ಹೆಸರಿನಲ್ಲಷ್ಟೇ ಮನೆ ನೋಂದಾಯಿಸಿದರೆ ಮಹಾರಾಷ್ಟ್ರದಲ್ಲಿ 2021ರ ಏಪ್ರಿಲ್‌ನಿಂದ ಮುದ್ರಾಂಕ ಶುಲ್ಕದಲ್ಲಿ ಶೇ. 1 ರಿಯಾಯಿತಿಯಿದೆ.

ಅಳಿಯಕಟ್ಟು ಕಾನೂನಿನಿಂದ ಪೂರ್ತಿ ಅಳಿದಿಲ್ಲ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಹೆಣ್ಣಿಗೆ ಮಕ್ಕಳೂ ಗಂಡನೂ ಇಲ್ಲದಿದ್ದರೆ ಅವಳು ದುಡಿದು ಗಳಿಸಿದ್ದು ಸಾಮಾನ್ಯವಾಗಿ ಗಂಡನ ವಾರಸುದಾರರಿಗೆ ಹೋಗುತ್ತದೆ. ಅಳಿಯಸಂತಾನದವರಿಗೆ 1956ರ ಕಾಯ್ದೆಯ 17ನೇ ಕಲಮು ಬೇರೆ ಕ್ರಮ ಹೇಳುತ್ತದೆ: ಮೊದಲು ಮಕ್ಕಳು ಮತ್ತು ತಾಯಿ, ಬಳಿಕ ತಂದೆ ಮತ್ತು ಗಂಡ, ಆಮೇಲೆ ತಾಯಿಯ ವಾರಸುದಾರರು, ತಂದೆಯ ವಾರಸುದಾರರು, ಗಂಡನ ಕಡೆಯವರ ಸರದಿ ಎಲ್ಲರಿಗಿಂತ ಕೊನೆಗೆ.